ಭಾವ ಒತ್ತಿದ ಸೀಲು

ನಮ್ಮ ಅಕ್ಕನ ಗಂಡ ಡೀಸೆಲ್ ಪಂಪ್ ಮೆಕ್ಯಾನಿಕ್. ಇಪ್ಪತ್ತಾರು ವರ್ಷ ಲಾರಿ ಪಂಪು ಬಿಚ್ಚಿ ಬಿಚ್ಚಿ ಉಗುರೊಳಗೆ ಸೇರಿದ ಕಪ್ಪು, ಸೋಪಿನ ಬಿಲ್ಲೆ ಸವೆದರೂ ಹೋಗುತ್ತಿರಲಿಲ್ಲ. ಮಾತು ಕಮ್ಮಿ. ನಾನು ಲಾರಿ ಓಡಿಸುವವನು, ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಇಬ್ಬರಿಗೂ ಹೊಂದುತ್ತಿತ್ತು.

ಹೊಗೆ ಕಾನೂನು ಬಂತು. ಪಂಪಿನಲ್ಲಿ ಒಂದು ಸ್ಕ್ರೂ ಇದೆ. ಅದನ್ನು ಇಳಿಸಿದರೆ ಹೊಗೆ ಕಮ್ಮಿ, ಎಳೆತವೂ ಕಮ್ಮಿ. ಪರೀಕ್ಷೆಯ ಹಿಂದಿನ ದಿನ ಇಳಿಸೋದು, ಪಾಸಾದ ಮಾರನೇ ದಿನ ಏರಿಸೋದು. ಎಲ್ಲ ಶೆಡ್ಡಿನಲ್ಲೂ ಇದೇ ಕೆಲಸ. ಭಾವನೂ ಮಾಡಿದ್ದಾರೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಆರ್‌ಟಿಓ ಆಫೀಸಿನವರು ಶೆಡ್ಡುಗಳಿಗೆ ಲೈಸೆನ್ಸ್ ಕೊಟ್ಟರು. ಇಳಿಸಿದ ಸ್ಕ್ರೂಗೆ ತಂತಿ ಕಟ್ಟಿ, ಮೆಕ್ಯಾನಿಕ್ ನಂಬರಿರುವ ಸೀಸದ ಸೀಲು ಒತ್ತಬೇಕಂತೆ. ಮಿಕ್ಕವರು ಒತ್ತಿದ ಕೈಯಲ್ಲೇ ಕಿತ್ತರು. ಭಾವ ಕೀಳಲಿಲ್ಲ, ನನ್ನ ಲಾರಿಯದನ್ನೂ.

"ಭಾವ, ಏರಲ್ಲಿ ಗಾಡಿ ತಿಣುಕುತ್ತೆ. ಒಂಚೂರು ಏರಿಸಿ."

"ಲೋಡ್ ಕಮ್ಮಿ ಹಾಕು."

"ಲೋಡ್ ಕೊಡೋನೇನು ನಿಮ್ಮ ಮಾವನಾ?"

"ನನ್ನ ಮಾವ ನಿಮ್ಮಪ್ಪ ಕಣೋ. ನನ್ನ ನಂಬರ್ ಮೇಲೆ ಕೈ ಇಡಬೇಡ."

ನನಗೆ ಪಿತ್ತ ನೆತ್ತಿಗೇರಿತು. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ, ಕಟಿಂಗ್ ಪ್ಲೇಯರ್‌ನಲ್ಲಿ ತಂತಿ ಕತ್ತರಿಸಿದೆ. ಸ್ಕ್ರೂ ಏರಿಸಿ, ತಂತಿ ತಿರುಚಿ ಸೀಲನ್ನು ಮತ್ತೆ ನೇತುಹಾಕಿದೆ.

ಮೂರನೇ ವಾರ ಏರಿನಲ್ಲೇ ತಪಾಸಣೆ. ನನ್ನ ಲಾರಿ ಆಕಾಶಕ್ಕೆ ಮಸಿ ಬಳಿಯುತ್ತಿತ್ತು. ನನ್ನಿಂದ ದಂಡ ಕಟ್ಟಿಸಿಕೊಂಡು, ಹೊಗೆ ಸಮೇತ ಮುಂದಕ್ಕೆ ಬಿಟ್ಟರು. ಸೀಲಿನ ನಂಬರ್ ಮಾತ್ರ ಬರೆದುಕೊಂಡರು. ಭಾವನಿಗೆ ನೋಟಿಸ್ ಬಂತು. ಲೈಸೆನ್ಸ್ ಹೋದರೆ ಶೆಡ್ಡಿಗೆ ಬೀಗ.

ವಿಚಾರಣೆಗೆ ನಾನೂ ಹೋದೆ.

"ಕಿತ್ತಿದ್ದು ನಾನು ಸಾರ್. ಅವರಿಗೆ ಗೊತ್ತೇ ಇಲ್ಲ."

ಸಾಹೇಬರು ಫೈಲಿನಿಂದ ತಲೆ ಎತ್ತಲಿಲ್ಲ. "ನೀವು ಇವರಿಗೆ ಏನಾಗಬೇಕು?"

"ಬಾಮೈದ."

"ಮತ್ತೆ ಹೇಳದೆ ಇರ್ತೀರಾ!" ಅಂದರು. ಗುಮಾಸ್ತ ಕಿಸಕ್ಕನೆ ನಕ್ಕ.

ಲೈಸೆನ್ಸ್ ರದ್ದಾಯಿತು. ಭಾವನ ಪಕ್ಕದ ಶೆಡ್ಡಿನವನು ದಿನಕ್ಕೆ ಹತ್ತು ಸೀಲು ಕೀಳುತ್ತಾನೆ. ಅವನ ಲೈಸೆನ್ಸ್ ಗಾಜು ಹಾಕಿಸಿಕೊಂಡು ಗೋಡೆ ಮೇಲೆ ಮೆರೆಯುತ್ತಿದೆ. ಥೂ!

ಹೊರಗೆ ಬಂದು, "ಹತ್ತಿ ಭಾವ, ಮನೆಗೆ ಬಿಡ್ತೀನಿ" ಅಂದೆ.

"ಇಷ್ಟು ದಿನ ಇಲ್ಲದ ಬಾಯಿ ಇವತ್ತು ಬಂತಾ?" ಅಂದವರು ಏರುರಸ್ತೆ ಹಿಡಿದು ನಡೆದೇಬಿಟ್ಟರು.

ಫಸ್ಟ್ ಗೇರಿನಲ್ಲಿ ಅವರ ಹಿಂದೆಯೇ ಲಾರಿ ಬಿಟ್ಟೆ. ನನ್ನ ಹಿಂದಿನವರು ಹಾರ್ನ್ ಹೊಡೆದು ಹೊಡೆದು ಅಪ್ಪ ಅಮ್ಮನನ್ನೆಲ್ಲ ಎತ್ತಿ ಬೈದರು. ನಾನು ಭಾವನನ್ನು ದಾಟಿ ಹೋಗುವುದು ಹೇಗೆ? ಹೋದರೆ ಹೊಗೆಯೆಲ್ಲ ಭಾವನ ಮುಖಕ್ಕೇ ಹೊಡೆಯುತ್ತಿತ್ತು.