ನೀರು ಕುಡಿಯದ ಡ್ಯೂಟಿ

ಮೊದಲು ಹೋದದ್ದು ಬೆರಳು.

ಬೇಸಿಗೆ. ಭಾಲ್ಕಿಯಿಂದ ಠಾಣಾ ಕುಶನೂರಕ್ಕೆ ಹೋಗುವ ಬಸ್ಸು. ನಾನು ಆ ಬಸ್ಸಿನ ಕಂಡಕ್ಟರ್. ಮದುವೆಗೆ ಹೊರಟವರು ಕಾಲಿಡಲು ಜಾಗವಿಲ್ಲದಂತೆ ನಿಂತಿದ್ದರು. ಟಿಕೆಟ್ ಮಷಿನ್ ಎಡಗೈಯಲ್ಲಿತ್ತು. ಬಲಗೈ ಬೆರಳಿನಿಂದ ಗುಂಡಿ ಒತ್ತಿದೆ ಎಂದುಕೊಂಡೆ. ಬೆರಳು ಅಲ್ಲಾಡಿಯೇ ಇರಲಿಲ್ಲ. "ಎಲ್ಲಿಗ್ರಿ?" ಎಂದು ಕೇಳಲು ಹೋದರೆ ಬಾಯಿಂದ ಬಂದದ್ದು ಕೂಸಿನ ತೊದಲು. ಹಿಂದಿನ ಸೀಟಿನವನೊಬ್ಬ ನಕ್ಕ.

"ಕಂಡಕ್ಟರ್ ಬಾಯಾರು ಮುಂಜಾನೇನೇ ಕುಡದು ಬಂದಾರ ಕಾಣಸ್ತದ."

ಡ್ರೈವರ್ ಖಾಜಾ ಭಾಯ್ ಕನ್ನಡಿಯಲ್ಲಿ ನನ್ನ ಮುಖ ನೋಡಿ ಬಸ್ಸು ನಿಲ್ಲಿಸಿದರು. ನನ್ನ ಬಾಯಿ ಒಂದು ಕಡೆ ವಾಲಿತ್ತಂತೆ. ಸೀಟಿನ ಮೇಲೆ ಕೂಡಿಸಿ ಗಾಳಿ ಹಾಕಿದರು. ಸ್ವಲ್ಪ ಹೊತ್ತಿಗೆ ಬೆರಳು ಮಡಚಿತು, ಮಾತೂ ಬಂತು. ಎದ್ದು ಉಳಿದವರಿಗೆಲ್ಲ ಟಿಕೆಟ್ ಕೊಟ್ಟು ಟ್ರಿಪ್ ಮುಗಿಸಿದೆ. ನಕ್ಕವನಿಗೂ ಕೊಟ್ಟೆ.

"ಸುಜಾತಾ ಆಪಾ, ಸೀದಾ ದವಾಖಾನಿಗಿ ಹೋಗ್ರಿ. ಇದು ಬಿಸಲಿಂದು ಅಲ್ಲ," ಎಂದರು ಖಾಜಾ ಭಾಯ್.

ನಾನು ಸೀದಾ ಮನೆಗೆ ಹೋಗಿ ಹೇಳಿದೆ. ಹೇಳಿದ್ದೇ ತಪ್ಪಾಯಿತು.

"ಲಕ್ವಾ ಹೊಡದದ," ಎಂದು ಅತ್ತೆ ಎದೆ ಬಡಿದುಕೊಂಡರು. ಪಾರ್ಶ್ವವಾಯುವಿಗೆ ನಮ್ಮ ಕಡೆ ಲಕ್ವಾ ಎನ್ನುತ್ತಾರೆ. ಲಕ್ವಾ ಎಂದ ಕೂಡಲೇ ಯಾರಿಗೂ ದವಾಖಾನೆ ನೆನಪಾಗುವುದಿಲ್ಲ, ಪಾರಿವಾಳ ನೆನಪಾಗುತ್ತದೆ. ಔರಾದ ಕಡೆಯ ಒಂದು ಊರಿನಲ್ಲಿ ಪಾರಿವಾಳದ ರಕ್ತ ಹಚ್ಚಿ ಲಕ್ವಾ ಬಿಡಿಸುವ ಮನುಷ್ಯನಿದ್ದಾನೆ. ನಮ್ಮದು ಬುದ್ಧವಿಹಾರಕ್ಕೆ ಹೋಗುವ, ಇಂಥವನ್ನು ನಂಬದ ಬೌದ್ಧರ ಮನೆ. ನನ್ನ ಗಂಡ ಪ್ರಕಾಶ ಐಟಿಐ ಕಲಿತು ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವರು. ಸುಟ್ಟ ಮೋಟಾರಿಗೆ ಯಾರಾದರೂ ನಿಂಬೆಹಣ್ಣು ಕಟ್ಟಿ ತಂದರೆ ಹೊಟ್ಟೆ ಹಿಡಿದು ನಗುವವರು. ಹೆಂಡತಿಯ ಮೈ ಕೆಟ್ಟಾಗ ಮಾತ್ರ ಆ ಬುದ್ಧಿ ಕೆಲಸಕ್ಕೆ ಬರಲಿಲ್ಲ. ಮರುದಿನ ಬೈಕಿನ ಹಿಂದೆ ನನ್ನನ್ನು ಕೂಡಿಸಿಕೊಂಡು ಹೊರಟೇಬಿಟ್ಟರು.

"ಕೈ ಆಗಲೇ ಬಂದದ್ರಿ," ಎಂದೆ ಆ ಮನುಷ್ಯನಿಗೆ. ಮಷಿನ್ ಹಿಡಿಯುವ ಹಾಗೆ ಹಿಡಿದು ತೋರಿಸಿದೆ.

"ಬಂದದ ಖರೆ. ತಿರಗಿ ಹೋಗಬಾರದಂದ್ರ ಹಚ್ಚಬೇಕವ್ವಾ," ಎಂದ.

ತೋಳು ಮುಂದೆ ಚಾಚಿದೆ. ಬಿಸಿ ರಕ್ತವನ್ನು ಭುಜದಿಂದ ಬೆರಳಿನವರೆಗೆ ಹಚ್ಚಿ, ಕಂಬಳಿ ಹೊದಿಸಿದ. ಪಥ್ಯ ಹೇಳಿದ. ತಂಪು ಮುಟ್ಟಬಾರದು, ಮಜ್ಜಿಗೆ ಬೇಡ, ನೀರು ಕಾಯಿಸಿ ಗುಟುಕು ಮಾತ್ರ. ನನ್ನ ಕೈ ಆಡುವುದನ್ನು ಕಂಡು ಅತ್ತೆ ಊರಿಗೆಲ್ಲ ಅವನ ಗುಣಗಾನ ಮಾಡಿದರು. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದುಕೊಂಡ ಮುದುಕಿಯನ್ನು ಕಥೆಯಲ್ಲಷ್ಟೇ ಕೇಳಿದ್ದೆ. ಈಗ ನಮ್ಮ ಮನೆಯಲ್ಲೇ ಇದ್ದರು.

ಪಥ್ಯ ನನಗೇನೂ ಕಷ್ಟವಾಗಲಿಲ್ಲ. ನೀರು ಕುಡಿಯದೆ ಇರುವುದು ನನಗೆ ನೌಕರಿ ಕಲಿಸಿದ ವಿದ್ಯೆ.

ಆ ಉರಿಬಿಸಿಲಿನಲ್ಲಿ ಮನೆಯ ಬಾಗಿಲು ಹಾಕಿ, ಕಂಬಳಿ ಹೊದ್ದು ಮಲಗಿದೆ. ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಎದ್ದು ನಿಂತವಳು ಗೋಡೆಗೆ ಒರಗಿದೆ. ಬಲಗಾಲು ನನ್ನದಾಗಿರಲಿಲ್ಲ. ಬೀದರದಲ್ಲಿ ಕಾಲೇಜು ಓದುವ ಮಗಳು ರಜೆಗೆ ಬಂದಿದ್ದಳು. ಓಡಿ ಬಂದು ಹಿಡಿದುಕೊಂಡಳು. "ಮಮ್ಮಿ, ನಾ ಯಾರು ಹೇಳು," ಎಂದಳು.

ಮಗಳ ಹೆಸರು ಬರಲಿಲ್ಲ.

ಅವಳು ಯಾರು ಎಂಬುದು ನನಗೆ ಗೊತ್ತಿತ್ತು. ಹೆತ್ತದ್ದು, ಹಾಲು ಕುಡಿಸಿದ್ದು, ಸಾಲಿಗೆ ಹಾಕಿದ್ದು ಎಲ್ಲ ಗೊತ್ತಿತ್ತು. ಹೆಸರು ಮಾತ್ರ ನಾಲಿಗೆಗೆ ಸಿಗಲಿಲ್ಲ. ಅಷ್ಟು ಭಯ ನಾನು ಅದುವರೆಗೆ ಕಂಡಿರಲಿಲ್ಲ. ಅತ್ತೆ ಮತ್ತೆ ಔರಾದ ಎಂದರು. ಮಗಳು ಅಜ್ಜಿಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಪಪ್ಪಾ, ಗಾಡಿ ತರ್ರಿ. ಬೀದರಕ್ಕ ಹೋಗಬೇಕು. ಈಗೇ," ಎಂದು ಚೀರಿದಳು. ಪ್ರಕಾಶ ಪಕ್ಕದ ಮನೆಯವರ ಕಾರು ತಂದರು.

ಬೀದರದ ಆಸ್ಪತ್ರೆಯಲ್ಲಿ ಎಂಆರ್‌ಐ ಆಯಿತು, ಆಂಜಿಯೋ ಆಯಿತು. ಡಾಕ್ಟರ್ ಮೇಡಂ ಕಂಪ್ಯೂಟರಿನಲ್ಲಿ ನನ್ನ ಮೆದುಳಿನ ರಕ್ತನಾಳಗಳನ್ನು ತೋರಿಸಿದರು. ಬಲಗಡೆಯ ನಾಳ ದಪ್ಪಗೆ, ಬೆಳ್ಳಗೆ ಕಾಣುತ್ತಿತ್ತು. ಎಡಗಡೆಯದು ನಡುವೆ ಒಂದು ಕಡೆ ದಾರದಷ್ಟಾಗಿ, ಮುಂದೆ ಮತ್ತೆ ಅಗಲವಾಗಿತ್ತು. ಬಸ್ಸಿನಲ್ಲಿ ಆದದ್ದು ಟಿಐಎ, ಬಂದು ಹೋಗುವ ಸ್ಟ್ರೋಕ್, ಎಂದರು. ಅದು ತಾನೇ ಬಿಡುತ್ತದೆ. ಬಿಟ್ಟದ್ದೇ ಎಚ್ಚರಿಕೆ. ಆಗಲೇ ಬಂದಿದ್ದರೆ ಎರಡನೆಯದನ್ನು ತಡೆಯಲು ನೋಡಬಹುದಿತ್ತು. ಈಗ ಮೆದುಳಿನಲ್ಲಿ ಸಣ್ಣ ಕಲೆ ಉಳಿದಿದೆ.

ಪ್ರಕಾಶ ನೆಲ ನೋಡುತ್ತ ನಿಂತಿದ್ದರು. ನೋಡಲಿ ಎಂದುಕೊಂಡೆ.

"ದಿನಕ್ಕೆ ನೀರು ಎಷ್ಟು ಕುಡೀತೀರಿ?" ಎಂದು ಮೇಡಂ ಕೇಳಿದರು.

ಮಾತು ಇನ್ನೂ ತೊಡರುತ್ತಿತ್ತು. "ಡ್ಯೂಟಿ... ಮುಗದ ಮ್ಯಾಲ ಕುಡೀತೇನ್ರಿ."

"ಡ್ಯೂಟಿಯಲ್ಲಿ?"

"ಕುಡಿಯಂಗಿಲ್ರಿ."

ಅವರಿಗೆ ಅರ್ಥವಾಗಲಿಲ್ಲ. ಬಸ್ಸಿನಲ್ಲಿ ಕೆಲಸ ಮಾಡುವ ಯಾವ ಹೆಂಗಸಿಗಾದರೂ ಅರ್ಥವಾಗುತ್ತದೆ. ನೌಕರಿಗೆ ಸೇರಿದ ಹೊಸದರಲ್ಲಿ ಹಿರಿಯ ಕಂಡಕ್ಟರಮ್ಮ ಮೊದಲು ಕಲಿಸಿದ್ದು ಇದನ್ನೇ: "ಮುಂಜಾನಿ ಚಾ ಅರ್ಧಾ ಕಪ್. ನೀರಿನ ಹೆಸರು ತಗೀಬ್ಯಾಡ. ಇಲ್ಲಂದ್ರ ಎಲ್ಲಿ ಹೋಗತಿ?" ಗಂಡಸರಿಗೆ ದಾರಿಯ ಪ್ರತಿ ಮರವೂ ಇದೆ. ಡ್ರೈವರ್ ಬಸ್ಸು ನಿಲ್ಲಿಸಿ ಇಳಿದರೆ ಯಾರೂ ಕಾರಣ ಕೇಳುವುದಿಲ್ಲ. ನಾವು ಬಾಯಿ ಒಣಗಿಸಿಕೊಂಡು, ಕಿಬ್ಬೊಟ್ಟೆ ಬಿಗಿ ಹಿಡಿದು, ಎಲ್ಲರಿಗೂ ಬೇಕಾದಲ್ಲಿ ಬಸ್ಸು ನಿಲ್ಲಿಸಿಕೊಡುತ್ತೇವೆ. ಉರಿಮೂತ್ರ ಬರುತ್ತದೆ, ಗುಳಿಗೆ ನುಂಗುತ್ತೇವೆ, ಮತ್ತೆ ಡ್ಯೂಟಿಗೆ ಹೋಗುತ್ತೇವೆ. ಇದನ್ನು ನಾನು ಶಿಸ್ತು ಎಂದು ತಿಳಿದಿದ್ದೆ. ಹೊಸದಾಗಿ ಬಂದ ಹುಡುಗಿಯರಿಗೂ ಇದನ್ನೇ ಹೇಳಿಕೊಟ್ಟಿದ್ದೆ.

ಮೇಡಂ ನಿಧಾನವಾಗಿ ತಿಳಿಸಿ ಹೇಳಿದರು. ನಾಳ ಕಿರಿದಾಗಲು ನೀರು ಕಾರಣವಲ್ಲ. ಅದು ನಾನು ಲಕ್ಷ್ಯ ಕೊಡದ ಬಿಪಿ, ಸಕ್ಕರೆಯ ಕೆಲಸ. ಆದರೆ ಕಿರಿದಾದ ನಾಳದಲ್ಲಿ ರಕ್ತ ದಾಟಬೇಕೆಂದರೆ ಮೈಯಲ್ಲಿ ನೀರಿರಬೇಕು. ಬಿಪಿ ಏರಿದರೂ ಅಪಾಯ, ಒಮ್ಮೆಲೇ ಇಳಿದರೂ ಅಪಾಯ. ಸದ್ಯಕ್ಕೆ ಸ್ಟೆಂಟ್ ಬೇಡ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ತಪ್ಪಬಾರದು. "ಇನ್ನೊಂದು ಸ್ಟ್ರೋಕ್ ಆದರೆ ಮಾತು ಪೂರ್ತಿ ಹೋಗಬಹುದು," ಎಂದರು. ಮುಚ್ಚಿಡದೆ ಹೇಳಿದ್ದು ಒಳ್ಳೆಯದೇ ಆಯಿತು.

ವಾರ್ಡಿನಲ್ಲಿ ಮಗಳು ದಿನವೂ ತನ್ನ ಹೆಸರು ಹೇಳಿಸಿದಳು. ಪ್ರಜ್ಞಾ. ಒಂದು ದಿನ ಹೇಳಿದೆ. ಇಬ್ಬರೂ ಅತ್ತೆವು.

ಮನೆಗೆ ಬಂದ ಮೇಲೆ ಎಲ್ಲರದೂ ಒಂದೇ ರಾಗ, ನೌಕರಿ ಬಿಡು. "ಕೂತು ಉಣ್ಣು, ಯಾರು ಬ್ಯಾಡ ಅಂತಾರ?" ಎಂದರು ಅತ್ತೆ. ಪಾರಿವಾಳದವನ ಸುದ್ದಿ ಅವರೂ ತೆಗೆಯಲಿಲ್ಲ, ಪ್ರಕಾಶರೂ ತೆಗೆಯಲಿಲ್ಲ. ಅವನು ಮಾತ್ರ ಭಾಲ್ಕಿಯ ಕಂಡಕ್ಟರಮ್ಮನನ್ನು ಗುಣ ಮಾಡಿದೆ ಎಂದು ಇಂದಿಗೂ ಹೇಳಿಕೊಂಡು ತಿರುಗುತ್ತಾನಂತೆ. ಪ್ರಕಾಶ ಮಾತ್ರೆ ಎಣಿಸಿ ಕೊಡುತ್ತಾರೆ, ಚಾ ಮಾಡುತ್ತಾರೆ. ತಪ್ಪಾಯಿತು ಎಂಬ ಒಂದು ಮಾತು ಅವರ ಬಾಯಿಂದ ಇನ್ನೂ ಬಂದಿಲ್ಲ. ಸ್ಟ್ರೋಕ್ ನನಗೆ ಆಗಿದೆ, ಮಾತು ಅವರಿಗೆ ನಿಂತಿದೆ. ನನಗೆ ಸಿಟ್ಟಿದೆ. ಇರುತ್ತದೆ.

ಆದರೆ ಬಸ್ಸು ಬಿಡಲು ನನಗೆ ಮನಸ್ಸಿರಲಿಲ್ಲ. ಆ ಕೆಲಸದಲ್ಲಿ ಊರೂರಿನ ಜನ ನನ್ನ ಮಾತು ಕೇಳುತ್ತಾರೆ. ಮನೆಯಲ್ಲಿ ಯಾರು ಕೇಳಿದ್ದಾರೆ? ಮೇಡಂ ತಿಂಗಳುಗಟ್ಟಲೆ ಕಾಯಿಸಿ ಫಿಟ್‌ನೆಸ್ ಬರೆದುಕೊಟ್ಟರು. ಷರತ್ತು ಒಂದೇ, ಡ್ಯೂಟಿಯಲ್ಲಿ ನೀರು ಕುಡಿಯಬೇಕು.

ಮತ್ತೆ ಅದೇ ಠಾಣಾ ಕುಶನೂರದ ಬಸ್ಸು. ಬೆರಳು ಮೊದಲಿನಷ್ಟು ಚುರುಕಿಲ್ಲ, ಜನ ಗೊಣಗುತ್ತಾರೆ. ಎಲ್ಲರೆದುರು ಬಾಟಲಿ ಎತ್ತಿ ಕುಡಿದೆ. ಅರ್ಧ ದಾರಿಗೆ ಹೊಟ್ಟೆಯ ಕೆಳಗೆ ಬಿಗಿಯತೊಡಗಿತು. ಹಳೆಯ ಅಭ್ಯಾಸ ಹಿಡಿದುಕೋ ಎಂದಿತು. ಹಿಡಿದುಕೊಂಡರೆ ನಾಳೆ ಕುಡಿಯಲು ಹೆದರುತ್ತೇನೆ ಎಂಬುದು ನನಗೆ ಗೊತ್ತಿತ್ತು. ಹೊರಗೆ ತೊಗರಿ ಆಳೆತ್ತರ ಬೆಳೆದಿತ್ತು. ಸೀಟಿ ಊದಿದೆ.

ಖಾಜಾ ಭಾಯ್ ಬಸ್ಸು ನಿಲ್ಲಿಸಿ ತಿರುಗಿದರು. "ಯಾರು ಇಳೀತಾರ, ಆಪಾ?"

"ನಾ ಇಳೀತೇನಿ."

ಅವರು ತಲೆಯಾಡಿಸಿ ಎಂಜಿನ್ ಬಂದ್ ಮಾಡಿದರು. ಮುಂದಿನ ಸೀಟಿನ ಗಂಡಸೊಬ್ಬ ಗದರಿದ. "ಇಲ್ಲ್ಯಾಕ ನಿಂದರ್ಸೀರಿ? ನಮಗ ಕೋರ್ಟಿನ ಕೆಲಸ ಅದ. ಮನಿಂದೇ ಮುಗಿಸಿ ಬರಬೇಕಿಲ್ಲ?"

ಮಾತು ತೊಡರಿತು. ಆದರೂ ಪೂರ್ತಿ ಹೇಳಿದೆ. "ಕುಂದರ್ರಿ. ಬರ್ತೇನಿ."

ಬದುವಿನ ಹತ್ತಿರ ಹೋಗಿ ಹಿಂದೆ ನೋಡಿದೆ. ಬಾಗಿಲಲ್ಲಿ ಒಬ್ಬ ಮುದುಕಿ ಸೀರೆ ಎತ್ತಿ ಹಿಡಿದು ಇಳಿಯುತ್ತಿದ್ದಳು. ಅವಳ ಹಿಂದೆ ಕಾಲೇಜಿನ ಹುಡುಗಿಯರು, ಬುರ್ಖಾದ ತಾಯಿ, ಬಸುರಿ ಹೆಂಗಸು. ಕೊನೆಗೆ ಗದರಿದವನ ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿ, ಅವನ ಮೊಣಕಾಲು ಸರಿಸಿ, ಇಳಿದಳು.