ಚಾಚಾರ ಬಾಯಿ ಊದಿಸಿದ ಮದುವೆ

ಹೋದ ವರ್ಷ ಫೆಬ್ರುವರಿಯ ಎರಡನೇ ಭಾನುವಾರ. ನನ್ನ ಡೈರಿಯಲ್ಲಿ ಆ ದಿನದ ಪುಟದ ತಲೆಗೆ ‘ಕಾರ್ಯಕ್ರಮ 31, ಬೇಡಕಿಹಾಳ, ಮದುವೆ’ ಎಂದು ಬರೆದಿದ್ದೇನೆ. ಮುಗಳಖೋಡದ ಹಾಲಿನ ಕೇಂದ್ರದಲ್ಲಿ ದಿನಕ್ಕೆ ಎರಡು ಹೊತ್ತು ಲೀಟರು, ಫ್ಯಾಟ್ ಬರೆದುಕೊಳ್ಳುವವಳು ನಾನು. ಯಾವುದನ್ನೂ ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ. ಬಿಡುವಿನ ದಿನ ಒಂದು ಸಣ್ಣ ಆರ್ಕೆಸ್ಟ್ರಾದಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ಆ ಪುಟ ತೆರೆದರೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ.

ನಮ್ಮದು ಐದು ಜನರ ತಂಡ. ಅದರಲ್ಲಿ ಹಿರಿಯರು ಕುಡಚಿಯ ದಸ್ತಗೀರ ಚಾಚಾ. ವಯಸ್ಸು ಅರವತ್ತೆಂಟು. ಅವರು ನುಡಿಸುವುದು ಹವಾಯಿಯನ್ ಗಿಟಾರ್. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸುತ್ತಾ ನುಡಿಸುವ ವಾದ್ಯ ಅದು. ಚಾಚಾ ಸ್ವರ ಎಳೆದರೆ ಯಾರೋ ಗಂಟಲು ಬಿಟ್ಟು ಹಾಡಿದಂತೆಯೇ ಕೇಳುತ್ತದೆ. ಆದರೆ ತಂತಿ ಒಂದಿಷ್ಟು ಸಡಿಲಾದರೂ ಎಲ್ಲ ಹಾಳು. ಅದರಲ್ಲೂ ಬಿಸಿಲಿಗೆ ಆ ತಂತಿಗಳು ಬೇಗ ಇಳಿಯುತ್ತವೆ.

ನಮ್ಮ ಕಡೆಯ ಮದುವೆಯಲ್ಲಿ ಶ್ರುತಿ ಮಾಡುವುದೆಂದರೆ ಸಂತೆಯ ನಡುವೆ ಗುಟ್ಟು ಕೇಳಿದ ಹಾಗೆ. ಅದಕ್ಕೆ ಚಾಚಾ ತಮ್ಮದೇ ಒಂದು ದಾರಿ ಕಂಡುಕೊಂಡಿದ್ದರು. ಎರಡೂ ಕಿವಿಗೆ ಹತ್ತಿ ತುರುಕಿಕೊಳ್ಳುವುದು. ಗದ್ದವನ್ನು ನನ್ನ ಹಾರ್ಮೋನಿಯಂ ಪೆಟ್ಟಿಗೆಗೆ ಒತ್ತಿ ನಾನು ಹಿಡಿದ ಸ್ವರ ಕೇಳಿಸಿಕೊಳ್ಳುವುದು. ಅದನ್ನೇ ಒಳಗೊಳಗೆ ಗುನುಗುತ್ತಾ, ಗಿಟಾರಿನ ತಲೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಂತಿ ಮೀಟಿ, ಅದನ್ನು ಬಿಗಿಯುವ ಕೀಲು ತಿರುವುವುದು. ಮರದ ನಾದ ಹಲ್ಲಿನಿಂದ ತಲೆಬುರುಡೆಗೆ ಏರುತ್ತದೆ. ಹೊರಗೆ ಆಕಾಶವೇ ಕಳಚಿ ಬಿದ್ದರೂ ಒಳಗೆ ಸ್ವರ ಸ್ಪಷ್ಟ. ನನಗೂ ಒಮ್ಮೆ ಮಾಡಿಸಿ ತೋರಿಸಿದ್ದರು. ಮೈ ಜುಂ ಎಂದಿತ್ತು.

ಆ ದಿನ ಮಧ್ಯಾಹ್ನ ಅಕ್ಷತೆ ಬಿದ್ದಿತ್ತು. ಕಬ್ಬಿನ ಗದ್ದೆಗಳಿರುವ ದೊಡ್ಡ ಮನೆತನ, ಮಂದಿ ಕಿಕ್ಕಿರಿದಿದ್ದರು. ಪೆಂಡಾಲಿನ ಪಕ್ಕದಲ್ಲೇ ಬೀಗರ ಕಡೆಯ ಡಿಜೆ ಗಾಡಿ, ಅದರಾಚೆ ಜನರೇಟರ್. ವೇದಿಕೆಯ ಒಂದು ಬದಿಗೆ ನಿರೂಪಕ ಮೈಕಿನಲ್ಲಿ ಪಾವಣೇರ, ಅಂದರೆ ಬಂದ ಅತಿಥಿಗಳ, ಹೆಸರು ಕೂಗುತ್ತಿದ್ದ. ಒಬ್ಬೊಬ್ಬರ ತಲೆಗೂ ಫೇಟಾ ಕಟ್ಟಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಡುತ್ತಿದ್ದರು. ನಾನು ಎಣಿಸುತ್ತಿದ್ದೆ. ನಾವು ಕೂರುವ ಹೊತ್ತಿಗೆ ನಲವತ್ತೆರಡು ಫೇಟಾ ಮುಗಿದಿದ್ದವು.

ಚಾಚಾ ಹತ್ತಿ ಇಟ್ಟುಕೊಂಡು ಕಣ್ಣು ಮುಚ್ಚಿ ಶುರು ಮಾಡಿದರು. ಮೂರು ತಂತಿ ಕೂಡಿದ್ದವು. ಅಷ್ಟರಲ್ಲಿ ನಿರೂಪಕನ ಕಣ್ಣು ಇತ್ತ ಬಿತ್ತು.

“ಅರೇ ವ್ಹಾ ಚಾಚಾ! ಪಂಗತಿ ಇನ್ನೂ ಕುಂತಿಲ್ಲ, ನೀವು ಬಾಜಾನ ತಿನ್ನಾಕ ಸುರು ಮಾಡೀರಲ್ಲ! ಥೋಡಾ ಥಾಂಬಾ, ಸ್ವಲ್ಪ ತಡೀರಿ, ಬುಂದಿ ಬರಾಕತ್ತೈತಿ!”

ಪೆಂಡಾಲೆಲ್ಲ ಘೊಳ್ಳೆಂದಿತು. ಮುಂದಿನ ಸಾಲಿನಿಂದ ಯಾರೋ, “ಮುಂಜಾನೆನ ಹಾಕ್ಕೊಂಡ ಬಂದಾನಲೇ ಅಜ್ಜ!” ಎಂದು ಕೂಗಿದ. ಫೋನುಗಳು ಮೇಲೆದ್ದವು. ಚಾಚಾರಿಗೆ ಒಂದು ಮಾತೂ ಕೇಳಿಸಿರಲಿಲ್ಲ. ಕಣ್ಣು ತೆರೆದಾಗ ಎಲ್ಲರೂ ತಮ್ಮತ್ತ ನೋಡಿ ನಗುತ್ತಿದ್ದುದು ಕಂಡು, ಖುಷಿಯಲ್ಲಿದ್ದಾರೆ ಅಂದುಕೊಂಡು ನಗುತ್ತಲೇ ಸಲಾಂ ಮಾಡಿದರು. ನಗು ಇನ್ನೂ ಹೆಚ್ಚಾಯಿತು. ಅವರು ಮತ್ತೆ ಕಣ್ಣು ಮುಚ್ಚಿ ನಾಲ್ಕನೆಯದು, ಐದನೆಯದು ಕೂಡಿಸಿದರು.

ಮದುಮಗಳ ಸೋದರಮಾವ ದಡದಡ ವೇದಿಕೆ ಹತ್ತಿ ಬಂದ. ನಮ್ಮ ತಂಡ ನಡೆಸುವ ಮಾಸ್ತರರನ್ನು ಹಿಡಿದುಕೊಂಡ.

“ಏನ್ರೀ ಮಾಸ್ತರ, ಇಷ್ಟು ಮಂದಿ ಬೀಗರ ಮುಂದ ಕುಡದಾವನ್ನ ತಂದು ಕುಂದರಸೀರಿ? ಮರ್ಯಾದಿ ಐತೇನ್ರಿ?”

“ಇಲ್ರಿ ಸಾವಕಾರ್ರ, ಅವರು ಅಂಥಾವರಲ್ರಿ...”

ನಾನೇ ನಡುವೆ ಬಾಯಿ ಹಾಕಿದೆ. “ಕಾಕಾರ, ಅವರು ಶ್ರುತಿ ಮಾಡಾಕತ್ತಾರ್ರಿ. ಈ ಗದ್ದಲದಾಗ ಕೇಳೂದಿಲ್ರಿ, ಅದಕ್ಕ ಹಲ್ಲಿಗೆ ಹಚ್ಚಿ...”

“ನೀ ಸುಮ್ಮ ಕುಂದರ ಬೇ! ಹಲ್ಲಿಲೆ ಯಾರರ ಕೇಳ್ತಾರೇನ? ಕುಡದಿಲ್ಲಂದ್ರ ಬಾಯಿ ಊದ್ಲಿ ಮತ್ತ.”

ಮಾಸ್ತರರು ತಲೆ ತಗ್ಗಿಸಿ ಚಾಚಾರ ಒಂದು ಕಿವಿಯ ಹತ್ತಿ ತೆಗೆದರು. ಬಗ್ಗಿ ಏನೋ ಹೇಳಿದರು. ಚಾಚಾ, “ನನಗ?” ಎಂದು ಒಂದೇ ಮಾತು ಕೇಳಿದರು. ಐದು ಹೊತ್ತಿನ ನಮಾಜು ತಪ್ಪಿಸದ, ಎಲೆ ಅಡಿಕೆಯನ್ನೂ ಮುಟ್ಟದ ಮನುಷ್ಯ. ಆಮೇಲೆ ಎದ್ದು ನಿಂತು, ತಮಗಿಂತ ಇಪ್ಪತ್ತು ವರ್ಷ ಚಿಕ್ಕವನ ಮುಖದ ಮುಂದೆ ‘ಹಾ’ ಎಂದು ಊದಿದರು. ಆತ ಮೂಗು ಮುಂದೆ ಮಾಡಿ ಮೂಸಿದ.

“ಇಲ್ಲ ಬಿಡ್ರಿ. ಹಂಗಾದ್ರ ಲಗೂನ ಸುರು ಮಾಡ್ರಿ,” ಎಂದು ಕೆಳಗಿಳಿದು ಹೋದ. ತಪ್ಪಾಯಿತು ಎಂಬ ಮಾತಿಲ್ಲ. ನಿರೂಪಕ ಮೈಕಿನಲ್ಲಿ, “ಚಾಚಾ ಪಾಸ್!” ಎಂದ. ಮತ್ತೆ ನಗು.

ಆರನೆಯ ತಂತಿ ಹಾಗೇ ಉಳಿದಿತ್ತು. ಚಾಚಾ ಹತ್ತಿಯನ್ನು ಜೇಬಿಗೆ ಹಾಕಿಕೊಂಡರು. ಗಿಟಾರಿನ ತಲೆಯನ್ನು ಅಂಗಿಯ ತೋಳಿನಿಂದ ಒರೆಸಿದರು. ಒಂದೂ ಕಾಲು ಗಂಟೆ ಆ ತಂತಿಯನ್ನು ಮುಟ್ಟದೆ, ಐದರಲ್ಲೇ ನುಡಿಸಿದರು.

ಸಂಜೆಯೊಳಗೆ ವಿಡಿಯೋ ಬಂತು. ಹತ್ತೊಂಬತ್ತು ಸೆಕೆಂಡು, ಮೇಲೆ ‘ಕುಡುಕ ಕಲಾವಿದ’ ಎಂಬ ಹೆಸರು. ಕಚ್ಚಿದ್ದು, ಸಲಾಂ ಮಾಡಿದ್ದು, ಎರಡೂ ಇದ್ದವು. ಬಾಯಿ ಊದಿದ್ದು ಮಾತ್ರ ಇರಲಿಲ್ಲ. ಬುಧವಾರದೊಳಗೆ ಅದು ಒಂಬತ್ತು ಗುಂಪುಗಳಿಂದ ನನ್ನ ಫೋನಿಗೆ ಬಂತು. ಒಂಬತ್ತರಲ್ಲೂ ನಿಜ ಏನೆಂದು ಬರೆದೆ. ತೆಗೆದುಹಾಕಿದವರು ಇಬ್ಬರು. ಉಳಿದವರು ನಗುವ ಮುಖ ಹಾಕಿದರು, ಇಲ್ಲವೇ ಓದಿ ಸುಮ್ಮನಾದರು.

ನಿರೂಪಕನಿಗೆ ಫೋನ್ ಮಾಡಿದೆ. “ಅಕ್ಕಾರ, ಒಂದು ಕಾಮಿಡಿ ಮಾಡಬಾರದೇನ್ರಿ? ಮಂದೀನ ನಗಸೂದ ನಮ್ಮ ಕೆಲಸ,” ಎಂದ. ಮದುಮಗಳ ಸೋದರಮಾವನಿಗೂ ಮಾಡಿದೆ. “ಅದು ಮುಗದ ಹೋತಲ್ಲವ್ವಾ, ಇನ್ನೇನ?” ಎಂದು ಇಟ್ಟುಬಿಟ್ಟ.

ಮುಗಿದಿರಲಿಲ್ಲ. 32 ನಿಪ್ಪಾಣಿ, 33 ಅಥಣಿ, 34 ಕಾಗವಾಡ. ಮೂರೂ ಕಾರ್ಯಕ್ರಮಕ್ಕೆ ಚಾಚಾರನ್ನು ಕರೆಯಲಿಲ್ಲ. ಕರೆಸುವವರು ಮೊದಲೇ, “ಆ ಅಜ್ಜ ಬ್ಯಾಡ್ರಿ,” ಎನ್ನುತ್ತಿದ್ದರಂತೆ. ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ನಾನು ಮಾಸ್ತರರ ಜೊತೆ ಜಗಳಕ್ಕೇ ನಿಂತೆ. ಚಾಚಾ ಇಲ್ಲದಿದ್ದರೆ ಹಾರ್ಮೋನಿಯಂಗೆ ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಮಾಸ್ತರರು ಕೊನೆಗೆ ಒಪ್ಪಿದರು. ಆದರೆ ಒಂದು ಕರಾರು. “ಬಾಯಿಗೆ ಹಚ್ಚಬಾರದು ನೋಡವ್ವ. ಇದನ್ನ ಹಚ್ಚಲಿ,” ಎಂದು ಶ್ರುತಿ ನೋಡುವ ಒಂದು ಪುಟ್ಟ ಮಷೀನು ಕೊಟ್ಟರು. ಗಿಟಾರಿನ ತಲೆಗೆ ಚಿಮಟಿಗೆಯಂತೆ ಸಿಕ್ಕಿಸಿದರೆ ಸಾಕು, ತಂತಿ ಸರಿಯಾದಾಗ ಹಸಿರು ದೀಪ ಹತ್ತುತ್ತದೆ.

ಅದನ್ನು ಹಿಡಿದು ಕುಡಚಿಗೆ ಹೋದೆ. ಚಾಚಾ ಬೈಯುತ್ತಾರೆ, ಬೈಯಲಿ ಎಂದೇ ಹೋದೆ. ಅವರು ಮಷೀನನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

“ಹಚ್ಚೂಣು ಬೇಟಿ. ಆ ವಿಡಿಯೋ ಮೊಮ್ಮಗಳ ಫೋನಿಗೂ ಬಂದಿತ್ತು. ಅಜ್ಜಾ, ನೀವು ಕುಡೀತೀರೇನ ಅಂತ ಕೇಳಿದ್ಳು.”

ಕಾರ್ಯಕ್ರಮ 35, ರಾಯಬಾಗ. ಹೊಸ ಮನೆಯ ವಾಸ್ತುಶಾಂತಿ, ಬೆಳಗಿನ ಹನ್ನೊಂದು ಗಂಟೆ. ಅಂಗಳದಲ್ಲಿ ಎಂದಿನಂತೆ ಸ್ಪೀಕರ್ ಗದ್ದಲ. ಆರೂ ತಂತಿಗೆ ಹಸಿರು ದೀಪ ಹತ್ತಿತು. ಆದರೆ ನಮ್ಮ ಹಾರ್ಮೋನಿಯಂ ಹಳೆಯದು. ಅದರ ಸ್ವರ ಮಷೀನಿನ ಲೆಕ್ಕಕ್ಕಿಂತ ಒಂದು ಕೂದಲೆಳೆ ಮೇಲೆ. ಮೊದಲ ಹಾಡಿನ ಮೊದಲ ಎಳೆತದಲ್ಲೇ ಅದು ನನ್ನ ಕಿವಿಗೆ ಚುಚ್ಚಿತು. ಚಾಚಾರ ಹುಬ್ಬು ಗಂಟಿಕ್ಕಿತು. ಕೈ ತಾನಾಗಿ ಗಿಟಾರಿನ ತಲೆಯನ್ನು ಎತ್ತಿತು, ಗದ್ದದವರೆಗೂ ಬಂತು. ಎದುರಿನ ಕುರ್ಚಿಗಳಲ್ಲಿ ಮೂವರು ಫೋನ್ ಎತ್ತಿ ಹಿಡಿದಿದ್ದರು. ಚಾಚಾ ಅವರನ್ನು ನೋಡಿದರು. ಗಿಟಾರನ್ನು ಮತ್ತೆ ತೊಡೆಯ ಮೇಲಿಳಿಸಿದರು.

ಶ್ರುತಿ ಕೂಡದೆ ಒಂದು ಸ್ವರವನ್ನೂ ನುಡಿಸದ ಮನುಷ್ಯ ಅಂದು ಎಂಟು ಹಾಡು ನುಡಿಸಿದರು. ಎಂಟೂ ತಪ್ಪು ಶ್ರುತಿಯಲ್ಲಿ. ಯಾರಿಗೂ ಗೊತ್ತಾಗಲಿಲ್ಲ. ಮುಗಿದಾಗ ಜೋರಾಗಿ ಚಪ್ಪಾಳೆ ತಟ್ಟಿದರು. ಮನೆಯ ಯಜಮಾನ, “ಅಜ್ಜಾರು ಇವತ್ತ ಭಾಳ ಶಿಸ್ತಾಗಿ ನುಡಸಿದ್ರು,” ಎಂದು ಶಾಲು ಹೊದಿಸಿದ. ಚಾಚಾ ತಲೆ ಬಾಗಿಸಿ ಹೊದಿಸಿಕೊಂಡರು, ನನ್ನ ಕಡೆ ನೋಡಲಿಲ್ಲ.

ಬೇಡಕಿಹಾಳದ ಆ ನಗುವನ್ನಾದರೂ ಒಂದು ದಿನ ಕ್ಷಮಿಸಿಯೇನು. ರಾಯಬಾಗದ ಆ ಚಪ್ಪಾಳೆಯನ್ನು ಕ್ಷಮಿಸುವುದು ನನ್ನಿಂದಾಗದು.