ಎರಡು ಲಾರಿಗಳ ಬೇರಿಂಗು

ಗುಂಡ್ಲುಪೇಟೆಯಲ್ಲಿ ನಮ್ಮ ಸೋದರಮಾವನ ಎರಡು ಲಾರಿಗಳನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ, ಇಂಜಿನ್ ಆಯಿಲನ್ನು ಎರಡು ಬೆರಳ ನಡುವೆ ತಿಕ್ಕಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಏನು ಕೇಳಿದರೂ ಒಂದೇ ಉತ್ತರ: "ನೋಡನ ಇರಪ್ಪ."

ಎರಡೂ ಮಿಲಿಟರಿ ಹರಾಜಿನಲ್ಲಿ ಕೊಂಡ, ಒಂದೇ ಮಾದರಿಯ ಲಾರಿಗಳು. ಒಂದರ ಆಯಿಲಿಗೆ ಮೇಸ್ತ್ರಿ ಸಣ್ಣ ಡಬ್ಬಿಯಿಂದ ಗ್ರಾಫೈಟಿನ ಕಪ್ಪು ದ್ರವ ಬೆರೆಸುತ್ತಿದ್ದರು. ಅದರಿಂದ ಇಂಜಿನ್ ಸವೆಯುವುದಿಲ್ಲವೆಂದು ಡಬ್ಬಿಯ ಮೇಲೆ ಬರೆದಿತ್ತು. ಕಾಲೇಜಿನ ಚರ್ಚಾಸ್ಪರ್ಧೆ ಗೆದ್ದು ರಜೆಗೆ ಬಂದಿದ್ದ ನಾನು, ಮಾವನ ಎದುರೇ ಕೇಳಿದೆ:

"ಆಧಾರ ಏನು ಮೇಸ್ತ್ರಿ? ಮಾರೋನು ಬರೆದದ್ದೇ ಆಧಾರಾನಾ?"

"ನೋಡನ ಇರಪ್ಪ."

"ಅಂದ್ರೆ ಆಧಾರ ಇಲ್ಲ."

"ಮೇಸ್ತ್ರಿ ಇಂಜಿನ್ನಿಗೆ ಕಾಡಿಗೆ ಅಚ್ತಾವ್ನೆ ಕಣ್ಲಾ" ಎಂದು ಡ್ರೈವರೊಬ್ಬ ಎಲ್ಲರನ್ನೂ ನಗಿಸಿದ. ಮಾವನಿಗೆ ಮೇಸ್ತ್ರಿಯ ಮೇಲಿನ ನಂಬಿಕೆ ಹೋಯಿತು. ಆ ವಾರವೇ ಲಾರಿಗಳನ್ನು ಮೈಸೂರಿನ ಗ್ಯಾರೇಜಿಗೆ ಒಪ್ಪಿಸಿದ.

ರಜೆ ಮುಗಿಸಿ ನಾನು ಚಾಮರಾಜನಗರದ ಕಾಲೇಜಿಗೆ ಹೊರಟ ದಿನ ಮೇಸ್ತ್ರಿ ಬಸ್ಸಿನ ಬಳಿ ಸಿಕ್ಕಿದರು.

"ಅದು ಕೆಲ್ಸ ಮಾಡ್ತದೋ ಇಲ್ವೋ ನಂಗೂ ಗೊತ್ತಿಲ್ಲ ಕಣಪ್ಪ. ಅದ್ಕೇ ಒಂದ್ಕಾಕಿ, ಇನ್ನೊಂದ್ಕಾಕ್ದೆ ಬುಟ್ಟಿದ್ದೆ. ಸುಗ್ಗಿ ಮುಗುದ್ಮೇಲೆ ಎರಡ್ನೂ ಬಿಚ್ಚಿ, ಬೇರಿಂಗು ಅಕ್ಕಪಕ್ಕ ಮಡುಗಿ, ಯಾವ್ದು ಜಾಸ್ತಿ ಸವ್ದದೆ ನೋಡನ ಅಂತಿದ್ದೆ."

ಕೆಲಸ ವಾಪಸು ಕೊಡಿಸೆಂದು ಅವರು ಕೇಳಲಿಲ್ಲ. "ಮೈಸೂರಲ್ಲಿ ಬಿಚ್ಚುದಾಗ ಹಳೇ ಬೇರಿಂಗ್ ಬಿಸಾಕ್ದೆ ಎತ್ತಿಡಕ್ಕೆ ನಿಮ್ಮಾವಂಗೆ ಯೋಳು" ಎಂದರು.

ಹೇಳಿದ್ದರೆ ನಾನು ದುಡುಕಿದೆನೆಂದು ಒಪ್ಪಿಕೊಂಡಂತಾಗುತ್ತಿತ್ತು. ಬಾಯಿ ಬಿಡಲಿಲ್ಲ. ಬೇರಿಂಗುಗಳು ಗುಜರಿಗೆ ಹೋದವು. ಆ ಕಪ್ಪು ದ್ರವ ಇಂಜಿನ್ನನ್ನು ಕಾಪಾಡುತ್ತಿತ್ತೋ ಇಲ್ಲವೋ, ವಾದ ಗೆದ್ದ ನನಗೆ ಇವತ್ತಿಗೂ ಗೊತ್ತಿಲ್ಲ.